ಉಪ್ಪಿಗೆ ಸಾಲುವ ಬಿಸಿಲು ಕರೆಂಟಿಗೆ ಸಾಲುವುದಿಲ್ಲವೇ?

ಮನೆ ಮೇಲೆ ಸೋಲಾರ್ ಹಾಕಿಸಿ ಎಂದು ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಯಾರಿಗೆ ಹೇಳಿದರೂ ಒಂದೇ ಉತ್ತರ: "ನಮ್ಮಲ್ಲಿ ಮಳೆ ಮಾರಾಯ್ರೇ, ಅದೆಲ್ಲ ಬಯಲುಸೀಮೆಗೆ."

ಹಾಗಾದರೆ ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪು ಆಗುವುದು ಯಾವ ಬಿಸಿಲಿಗೆ? ಮಳೆಗಾಲದಲ್ಲಿ ಆಗರದಲ್ಲಿ ಕೆಲಸವಿಲ್ಲ. ಹಾಗಂತ ಉಪ್ಪು ಮಾಡುವುದನ್ನು ಯಾರಾದರೂ ಬಿಟ್ಟಿದ್ದಾರಾ? ಮೀನು, ಅಡಿಕೆ, ಮುರುಗಲು ಸಿಪ್ಪೆ ಒಣಗುವುದೂ ಅದೇ ಬಿಸಿಲಿಗೆ. ಕರೆಂಟಿಗೆ ಮಾತ್ರ ಸಾಲದಂತೆ!

ಒಂದು ಕಿಲೋವ್ಯಾಟ್ ಪ್ಯಾನೆಲಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ 4 ಯೂನಿಟ್ ಆಸುಪಾಸು. ಮಳೆಗಾಲದ ನಾಲ್ಕು ತಿಂಗಳು ಬಹಳ ಇಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಉಳಿದ ಎಂಟು ತಿಂಗಳು? 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಮಿಕ್ಕ ಕರೆಂಟು ಹೆಸ್ಕಾಂ ಲೈನಿಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರಿಗೆ ಅವಸರವಿಲ್ಲ, ಒಪ್ಪಿದೆ. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಭಟ್ಕಳದಲ್ಲಿ ಗಲ್ಫ್ ದುಡ್ಡಿನಲ್ಲಿ ಕಟ್ಟಿದ ಎಸಿ ಮನೆಗಳ ಟೆರೇಸ್ ಯಾಕೆ ಖಾಲಿ?

ಏಜೆಂಟರು ಬಾಯಿ ಬಿಡದ ಒಂದು ವಿಷಯವೂ ಇದೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ಲ! ಉಪ್ಪುಗಾಳಿಗೆ ತುಕ್ಕು ಹಿಡಿಯದ ಸ್ಟ್ಯಾಂಡನ್ನೂ ಕೇಳಿ ಹಾಕಿಸಿ.

ನನ್ನ ಸಿಟ್ಟು ಮಳೆಯ ಮೇಲಲ್ಲ. ಸಬ್ಸಿಡಿ ಬರುವುದು ಪ್ಯಾನೆಲ್ ಹಾಕಿಸಿದ ಮೇಲೆ. ಮೊದಲು ಇಡೀ ದುಡ್ಡು ಯಾರು ಹೊಂದಿಸಬೇಕು? ಹಂಚಿನ ಮಾಡಿನವರು ಏನು ಮಾಡಬೇಕು? ಬಿಡಿಸಿ ಹೇಳುವವರಿಲ್ಲ. ಕೈಗಾಕ್ಕೆ ಜಾಗ ಕೊಟ್ಟ, ಗೇರುಸೊಪ್ಪೆಯಲ್ಲಿ ಅಣೆಕಟ್ಟು ಕಂಡ ಜಿಲ್ಲೆ ಇದು. ಈಗ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆ ಕೂಡಿಡಲಿಕ್ಕಂತೆ. ಆ ಸೋಲಾರ್ ಪಾವಗಡದ ಕಡೆಯದ್ದು, ಸುರಂಗ ಮಾತ್ರ ನಮ್ಮ ಪಾಲಿಗೆ. ಕಾಡು ಕೇಳಲು ಬರುವವರು ಮಾಡು ಕೇಳಲು ಯಾಕೆ ಬರುವುದಿಲ್ಲ?

ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಒಂದು ದಿನ ಹೆಸ್ಕಾಂನವರು, ಬ್ಯಾಂಕಿನವರು ಒಂದೇ ಮೇಜಿಗೆ ಕೂರಲಿ. ಅರ್ಜಿ, ಸಾಲ, ಮೀಟರಿನ ಹೆಸರು ಬದಲಾವಣೆ ಅಲ್ಲೇ ಆಗಲಿ. ಮುಂದಿನ ಗ್ರಾಮಸಭೆಯಲ್ಲಿ ನೀವೂ ಕೇಳಿ. ನಾನಂತೂ ಕೇಳುತ್ತೇನೆ, ನಮ್ಮನೆ ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ.