ಮೊರಾರ್ಜಿ ಶಾಲೆಯೂ ಹುತಾತ್ಮ ಚೌಕವೂ

ಚರ್ಚ್‌ಗೇಟಿನಲ್ಲಿ ಇಳಿದು ಫೋರ್ಟಿನ ಆಫೀಸುಗಳಿಗೆ ಓಡುವ ನಮಗೆ ದಾರಿಯಲ್ಲಿರುವ ಸ್ಮಾರಕಗಳನ್ನು ನಿಂತು ನೋಡುವಷ್ಟು ಪುರುಸೊತ್ತು ಎಲ್ಲಿ? 1864ರ ಫ್ಲೋರಾ ಫೌಂಟನ್ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಪಂಜು ಹಿಡಿದು ನಿಂತ ಒಬ್ಬ ರೈತ, ಒಬ್ಬ ಕಾರ್ಮಿಕನ ಪ್ರತಿಮೆ ಇದೆ. ಅದು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರ ಸ್ಮಾರಕ. ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕು ಎಂದು ಬೀದಿಗಿಳಿದವರ ಮೇಲೆ 1955ರ ನವೆಂಬರ್ 21ರಂದು ಇಲ್ಲೇ ಗುಂಡು ಹಾರಿತು. ಚಳವಳಿ ಮುಗಿಯುವಷ್ಟರಲ್ಲಿ 100ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು.

ಗುಂಡು ಹಾರಿದಾಗ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. ಹಳೆಯ ಮರಾಠಿ ಸಹೋದ್ಯೋಗಿಗಳ ಮುಂದೆ ಈ ಹೆಸರು ಎತ್ತಿ ನೋಡಿ, ಮುಖ ಬಿಗಿಯುತ್ತದೆ. ಈ ಕಥೆಯಲ್ಲಿ ಅವರೇ ಖಳನಾಯಕ.

ಈಗ ನಮ್ಮೂರಿನ ಕಡೆ ಬನ್ನಿ. ಕರ್ನಾಟಕದ ತಾಲ್ಲೂಕುಗಳಲ್ಲಿ ಬಡ ಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲವನ್ನೂ ಕೊಡುವ ಸರ್ಕಾರಿ ಶಾಲೆಗಳ ಬೋರ್ಡಿನ ಮೇಲೆ ಇರುವುದು ಇದೇ ಹೆಸರು: ಮೊರಾರ್ಜಿ ದೇಸಾಯಿ ವಸತಿ ಶಾಲೆ. "ನಮ್ಮ ಹುಡುಗನಿಗೆ ಮೊರಾರ್ಜಿಯಲ್ಲಿ ಸೀಟು ಸಿಕ್ಕಿತು" ಎಂದು ಕೂಲಿ ಮಾಡುವ ತಾಯಿ ಹೇಳುವಾಗ ಆ ಹೆಸರಿನಲ್ಲಿರುವುದು ಬರೀ ಭರವಸೆ. ತುರ್ತು ಪರಿಸ್ಥಿತಿ ಕಂಡವರಿಗಂತೂ ಅವರು ಜೈಲಿನಿಂದ ಬಂದು, 1977ರಲ್ಲಿ, 81ನೇ ವಯಸ್ಸಿನಲ್ಲಿ, ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಯಾದ ಹಠವಾದಿ.

ಮನುಷ್ಯ ಒಬ್ಬನೇ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಡೇಟಾಬೇಸ್ ಒಂದೇ, ಆದರೆ ಯಾರು ಯಾವ ಕ್ವೆರಿ ಹಾಕುತ್ತಾರೋ ಅಂಥ ರಿಪೋರ್ಟ್ ಬರುತ್ತದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ನವೆಂಬರ್ 1. 1956ರ ಆ ದಿನ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ನಾವು ಇಲ್ಲಿನ ಸಂಘಗಳಲ್ಲಿಯೂ ಬಾವುಟ ಹಾರಿಸಿ ರಾಜ್ಯೋತ್ಸವ ಮಾಡುತ್ತೇವೆ. ಅದೇ ದಿನ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಆಚರಿಸುತ್ತಾರೆ. ನಮಗೆ ಮಹಾಜನ್ ಆಯೋಗದ ವರದಿಯೇ ಅಂತಿಮ. ಮಹಾರಾಷ್ಟ್ರಕ್ಕೆ ಅದೇ ವರದಿ ಅನ್ಯಾಯ. 1969ರ ಫೆಬ್ರವರಿಯಲ್ಲಿ ಈ ಗಡಿ ವಿವಾದಕ್ಕಾಗಿ ಶಿವಸೇನೆ ಬೀದಿಗಿಳಿದಾಗ ಮುಂಬಯಿ ದಿನಗಟ್ಟಲೆ ಹೊತ್ತಿ ಉರಿಯಿತು. ದಕ್ಷಿಣದವರ ಹೋಟೆಲು, ಅಂಗಡಿಗಳ ಮೇಲೆ ಕಲ್ಲು ಬಿದ್ದವು. ಬೆಳಗಾವಿಯನ್ನು ಒಮ್ಮೆಯೂ ನೋಡದ, ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋಗುತ್ತಿದ್ದ ಕರಾವಳಿಯ ಹುಡುಗರೂ ಯಾರದೋ ಕಥೆಯಲ್ಲಿ ಖಳರಾಗಿಬಿಟ್ಟರು.

ಹಾಗಾದರೆ ಎಲ್ಲವೂ ಅವರವರ ದೃಷ್ಟಿ, ಸರಿ ತಪ್ಪು ಎಂಬುದೇ ಇಲ್ಲ ಎನ್ನೋಣವೇ? ಅದು ಸುಲಭದ ಮಾತು. ಗುಂಡಿಗೆ ಬಿದ್ದವರು ಸತ್ತದ್ದು ನಿಜ, ಒಡೆದ ಹೋಟೆಲಿನ ಗಾಜೂ ನಿಜ. ಇವು ಯಾರ ಕಡೆ ನಿಂತು ನೋಡಿದರೂ ಬದಲಾಗುವುದಿಲ್ಲ. ಬದಲಾಗುವುದು ಕಥೆಯನ್ನು ಎಲ್ಲಿಂದ ಶುರು ಮಾಡುತ್ತೇವೆ, ಯಾರ ಸಾವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದು.

ಒಳನಾಡಿನವರಿಗೆ ಒಂದೇ ಕಥೆ ಕೇಳಿಸಿಕೊಂಡು ಬದುಕುವ ಅನುಕೂಲ ಇದೆ. ಹೊರನಾಡ ಕನ್ನಡಿಗರಾದ ನಮಗೆ ಅದಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಮೇ 1ರ ಹಾಡು ಕಲಿತು, ಮನೆಯಲ್ಲಿ ನವೆಂಬರ್ 1ರ ಸಿಹಿ ತಿನ್ನುತ್ತಾರೆ. ಇಂದಲ್ಲ ನಾಳೆ ಅವರು "ಬೆಳಗಾವಿ ಯಾರದ್ದು, ಅಪ್ಪಾ?" ಎಂದು ಕೇಳಿಯೇ ಕೇಳುತ್ತಾರೆ. ಆಗ ನಮ್ಮ ಉತ್ತರವನ್ನು ಧೈರ್ಯವಾಗಿ ಹೇಳೋಣ. ಜೊತೆಗೆ ಪಕ್ಕದ ಮನೆಯ ಮರಾಠಿ ಅಜ್ಜ ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳೋಣ. ಅಜ್ಜನ ಮಾತನ್ನು ಮಗು ಒಪ್ಪಬೇಕಾಗಿಲ್ಲ, ಅಜ್ಜನನ್ನು ಖಳನಾಯಕ ಅಂದುಕೊಳ್ಳದಿದ್ದರೆ ಸಾಕು.