ರಾಗಿ ಡಬ್ಬಿಗೆ ಕೈ ಹಚ್ಚಬೇಡಿ

ಇಡೀ ಕುಟುಂಬ ಶಿಲಾಯುಗದವರಂತೆ ತಿನ್ನುವ ಪೇಲಿಯೋ ಆಹಾರಕ್ಕೆ ಬದಲಾಗಲಿ, ಅಕ್ಕಿ, ರಾಗಿ, ಬೇಳೆ, ಹಾಲು, ಮೊಸರು ಮನೆಯಿಂದ ಹೊರಹೋಗಲಿ ಎಂಬ ಲೇಖನ ಓದಿದೆ. ಸಕ್ಕರೆ, ಮೈದಾ, ಬೇಕರಿ ತಿಂಡಿ ಬಿಡಿ ಎಂಬ ಮಾತನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪಲಾರೆ.

ಶಿಲಾಯುಗದವರು ಧಾನ್ಯ ತಿನ್ನುತ್ತಿರಲಿಲ್ಲ ಎಂಬುದೇ ತಪ್ಪು. ಇಸ್ರೇಲಿನ ಓಹಾಲೊ ನೆಲೆಯಲ್ಲಿ ಸುಮಾರು 23,000 ವರ್ಷ ಹಿಂದಿನ ಕಾಡು ಬಾರ್ಲಿ, ಗೋಧಿ ಕಾಳುಗಳೂ ಅವನ್ನು ಅರೆದ ಕಲ್ಲೂ ಸಿಕ್ಕಿವೆ.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಾಗಿ, ಹಾಲು, ಮೊಸರು ಮೂರನ್ನೂ ಕಿತ್ತುಕೊಂಡರೆ ಬೆಳೆಯುವ ಮಗುವಿನ ಮೂಳೆಗೆ ಏನು ಕೊಡುತ್ತೀರಿ? ಮಾಂಸ ಮುಟ್ಟದ ಮನೆಯಲ್ಲಿ ಬೇಳೆಯೂ ಹೋದರೆ ಪ್ರೊಟೀನ್ ಎಲ್ಲಿಂದ? ದಿನಸಿ ಚೀಟಿಯಲ್ಲಿ ರಾಗಿಹಿಟ್ಟು ಹೊಡೆದುಹಾಕಿ ಬಾದಾಮಿ ಹಿಟ್ಟು ಬರೆದರೆ ಖರ್ಚು ಹತ್ತು ಪಟ್ಟು ಮೀರುತ್ತದೆ.

ನಮ್ಮ ಮನೆಯ ಅಚ್ಚುಮೆಚ್ಚಿನ ಊಟ ಮುದ್ದೆ, ಬಸ್ಸಾರು. ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ. ಉಳಿದದ್ದು ಬೆಳ್ಳುಳ್ಳಿ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಕೊನೆಗೊಂದು ಲೋಟ ಮಜ್ಜಿಗೆ. ಈ ತಟ್ಟೆಯಲ್ಲಿ ಬಿಡಬೇಕಾದದ್ದು ಏನೂ ಇಲ್ಲ.

ತಾಯಂದಿರೇ, ತಂದೆಯರೇ, ಬೇಕರಿ ಪೊಟ್ಟಣ ಬಿಡಿ. ರಾಗಿ, ಬೇಳೆ ಬಿಡಬೇಡಿ.