ಕೊಳ್ಳುವ ದಿನ ದೊರೆ, ಕೆಟ್ಟ ದಿನ ತಿರುಕ

ಹೊಸ ಮೋಟಾರ್ ಸೈಕಲ್ ಕೊಂಡ ದಿನ ಗಿರಾಕಿಗೆ ಹೂವಿನ ಹಾರ, ಸಿಹಿಯ ಪೊಟ್ಟಣ, ಕೀಲಿಕೈ ಹಿಡಿದು ಫೋಟೋ. ಅದೇ ಗಾಡಿ ಹತ್ತು ದಿನಕ್ಕೆ ಕೆಟ್ಟು ನಿಂತರೆ ಅದೇ ಅಂಗಡಿಯ ಹಿಂಬದಿಯ ಷೆಡ್ಡಿನಲ್ಲಿ ಅದೇ ಗಿರಾಕಿಗೆ ಕೂರಲು ಕುರ್ಚಿಯೂ ಇಲ್ಲ. ಮುಂಬಾಗಿಲಿಗೂ ಹಿಂಬಾಗಿಲಿಗೂ ಇರುವ ಈ ದೂರವನ್ನು ನಾವು ಈಚೆಗೆ ಸ್ವತಃ ನಡೆದು ಅಳೆದೆವು. ನಮ್ಮ ಓದುಗರಲ್ಲಿ ಪಾಳಿಗೆ ಹೋಗಲೆಂದು ಗಾಡಿ ಕೊಂಡ ಗಿರಣಿ ಕೆಲಸಗಾರರೂ, ಸಂತೆಯಿಂದ ಸಂತೆಗೆ ಸರಕು ಹೊರಲೆಂದು ಕೊಂಡ ಸಣ್ಣ ವ್ಯಾಪಾರಿಗಳೂ ಬಹಳ ಮಂದಿ ಇದ್ದಾರೆ. ಕಂತು ಕಟ್ಟುವವರ ಈ ಕಷ್ಟ ಎಲ್ಲರದೂ ಒಂದೇ ಆದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹಳ್ಳಿ ತಿರುಗುವ ಕೆಲಸ ನಮ್ಮದು. ಬಸ್ಸನ್ನೇ ನೆಚ್ಚಿದರೆ ರಾತ್ರಿ ಮನೆ ಸೇರುವುದಿಲ್ಲವೆಂದು ಮೂವತ್ತಾರು ಕಂತಿನ ಸಾಲ ಮಾಡಿ ಗಾಡಿ ತಂದೆವು. ಹನ್ನೊಂದನೆಯ ದಿನ ಸಂಜೆ ಹೆದ್ದಾರಿಯ ಮೇಲೆ ಓಡುತ್ತಿದ್ದ ಹಾಗೆಯೇ ಇಂಜಿನ್ ನಿಂತಿತು, ದೀಪವೂ ಆರಿತು. ಹಿಂದಿನಿಂದ ಬರುತ್ತಿದ್ದ ಲಾರಿಯ ಚಾಲಕ ಸಮಯಕ್ಕೆ ಪಕ್ಕಕ್ಕೆ ಎಳೆದುಕೊಂಡ. ಆ ಪುಣ್ಯಾತ್ಮನ ಹೆಸರೂ ನಮಗೆ ಗೊತ್ತಿಲ್ಲ. ಅವನಿಂದಾಗಿ ಈ ಲೇಖನ ಬರೆಯಲು ಉಳಿದಿದ್ದೇವೆ. ಐದು ನಿಮಿಷ ಬಿಟ್ಟು ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಗಾಡಿ ಹೊರಟಿತು.

ಮರುದಿನ ಷೋರೂಮಿಗೆ ಒಯ್ದೆವು. "ಹೊಸ ಗಾಡಿ ಸಾರ್, ಒಂದು ಸರ್ವೀಸ್ ಆಗಲಿ, ಸರಿಹೋಗುತ್ತೆ" ಎಂದರು. ಸರ್ವೀಸ್ ಆಯಿತು, ಗಾಡಿ ಮತ್ತೆ ನಿಂತಿತು. ಎರಡನೆಯ ಸಲ ಪೆಟ್ರೋಲು ಕೆಟ್ಟದ್ದೆಂದರು. ಮೂರನೆಯ ಸಲ ಬ್ಯಾಟರಿಯ ಸ್ಕ್ರೂ ಬಿಗಿ ಮಾಡಿ ಕಳಿಸಿದರು. ನಾಲ್ಕನೆಯ ಸಲ "ನಾವು ಓಡಿಸಿ ನೋಡಿದೆವು, ಏನೂ ತೊಂದರೆ ಕಾಣಲಿಲ್ಲ" ಎಂದು ತೊಳೆದು ಒರೆಸಿ ಕೊಟ್ಟರು. ನಾಲ್ಕು ಭೇಟಿಗೆ ನಾಲ್ಕು ದಿನದ ದುಡಿಮೆ ಹೋಯಿತು. ಕಂತು ಮಾತ್ರ ತಾರೀಖು ತಪ್ಪದೆ ಬಂದಿತು.

ಆಗ ಸಿಟ್ಟು ಬಂದು, ವಿಷಯವನ್ನು ಕಂಪನಿಗೇ ಬರೆಯುತ್ತೇವೆಂದೆವು. ಮ್ಯಾನೇಜರು ನಗುತ್ತಲೇ ದಾಖಲೆ ತೆಗೆದು ತೋರಿಸಿದರು. ನಾಲ್ಕೂ ಜಾಬ್ ಕಾರ್ಡುಗಳಲ್ಲಿ ಇದ್ದದ್ದು ಇಷ್ಟೆ: ಜನರಲ್ ಚೆಕಪ್, ವಾಟರ್ ವಾಷ್. ಗಾಡಿ ದಾರಿಯಲ್ಲಿ ನಿಂತಿತೆಂಬ ಮಾತು ಒಂದರಲ್ಲಿಯೂ ಇಲ್ಲ. ಅಂದರೆ ಆ ಅಂಗಡಿಯ ಪುಸ್ತಕದ ಪ್ರಕಾರ ನಮ್ಮ ಗಾಡಿ ಒಂದು ದಿನವೂ ಕೆಟ್ಟಿರಲಿಲ್ಲ. ನಾವು ಗಾಡಿ ತೊಳೆಸಿಕೊಳ್ಳಲು ನಾಲ್ಕು ಸಲ ಹೋಗಿದ್ದೆವು! ನಾಲ್ಕಕ್ಕೂ ಕೆಳಗೆ ರುಜು ಹಾಕಿದವರು ಬೇರೆ ಯಾರೂ ಅಲ್ಲ, ನಾವೇ.

ಹಾಜರಿ ಪುಸ್ತಕದಲ್ಲಿ ಬರೆಯದ ದುಡಿಮೆಗೆ ಕೂಲಿ ಹುಟ್ಟುವುದಿಲ್ಲವೆಂದು ಗಿರಣಿಯ ಕೆಲಸಗಾರನಿಗೆ ಗೊತ್ತು. ಖಾತೆಯಲ್ಲಿ ಬರೆಯದ ಬಾಕಿ ವಸೂಲಾಗುವುದಿಲ್ಲವೆಂದು ವ್ಯಾಪಾರಿಗೆ ಗೊತ್ತು. ಹೀಗೆ ಗೊತ್ತಿದ್ದೂ ನಾವು ಲಕ್ಷ ರೂಪಾಯಿಯ ಯಂತ್ರವನ್ನು ಬಾಯಿಮಾತಿನ ಮೇಲೆ ಬಿಟ್ಟು ಬರುತ್ತೇವೆ. ಜಾಬ್ ಕಾರ್ಡಿನಲ್ಲಿ ಬರೆಯದ ದೋಷಕ್ಕೆ ವಾರಂಟಿಯಿಲ್ಲ. ಈ ಒಂದು ಪಾಠಕ್ಕೆ ನಾವು ನಾಲ್ಕು ದಿನದ ಕೂಲಿ ತೆತ್ತೆವು. ಓದುಗರು ಬಿಟ್ಟಿಯಾಗಿ ಪಡೆಯಲಿ.

ಐದನೆಯ ಸಲ ನಾವು ಹೇಳಿದಂತೆಯೇ ಬರೆಸಿದೆವು: "ಓಡುವಾಗ ಇಂಜಿನ್ ಮತ್ತು ದೀಪ ಒಟ್ಟಿಗೆ ಆರುತ್ತವೆ, ಇಲ್ಲಿಯವರೆಗೆ ಆರು ಸಲ ಆಗಿದೆ." ತಾರೀಖು, ಓಡಿದ ಕಿಲೋಮೀಟರು ಹಾಕಿಸಿ ಪ್ರತಿ ತೆಗೆದುಕೊಂಡೆವು. ಅಂದು ಗಾಡಿ ಒಬ್ಬ ಎಳೆಯ ಮೆಕ್ಯಾನಿಕ್‌ನ ಕೈಗೆ ಬಂತು. ಅವನು ಟ್ಯಾಂಕ್ ಎತ್ತಿ ನೋಡಿ, ಹ್ಯಾಂಡಲ್ಲನ್ನು ಆಚೆ ಈಚೆ ತಿರುಗಿಸಿ, ಇಪ್ಪತ್ತೇ ನಿಮಿಷದಲ್ಲಿ ರೋಗ ಹಿಡಿದ. ಚಾವಿಯ ಸ್ವಿಚ್ಚಿನಿಂದ ಬರುವ ವೈರು ಹ್ಯಾಂಡಲ್ಲಿನ ಕುತ್ತಿಗೆಯ ಬಳಿ ಕಬ್ಬಿಣದ ಪಟ್ಟಿಗೆ ಸಿಕ್ಕಿ ಹಿಸುಕಿಹೋಗಿತ್ತು. ಮೇಲಿನ ಹೊದಿಕೆ ನೆಟ್ಟಗಿದ್ದರೂ ಒಳಗಿನ ತಾಮ್ರದ ಎಳೆಗಳು ಮುರಿದಿದ್ದವು. ಅದುರಿದಾಗ ಸಂಪರ್ಕ ತಪ್ಪುತ್ತದೆ, ನಿಂತಾಗ ಮತ್ತೆ ಕೂಡುತ್ತದೆ. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ಆದ ತಪ್ಪು. "ಇದೇ ಮಾಡೆಲ್ಲಿನ ಇನ್ನೂ ಮೂರು ಗಾಡಿ ಹೀಗೇ ಬಂದಿದ್ದವು ಸಾರ್" ಎಂದು ಅವನು ಮೆಲ್ಲಗೆ ಹೇಳಿದ.

ಇದರಲ್ಲಿ ತಪ್ಪು ಯಾರದು? ಮೆಕ್ಯಾನಿಕ್‌ನ ಮೇಲೆ ಹರಿಹಾಯುವುದು ಸುಲಭ, ಏಕೆಂದರೆ ಕೈಗೆ ಸಿಗುವವನು ಅವನೊಬ್ಬನೇ. ಆದರೆ ಅನೇಕ ಕಡೆ ಅವನ ಗಳಿಕೆ ದಿನಕ್ಕೆ ಎಷ್ಟು ಗಾಡಿ ಮುಗಿಸಿದನೆಂಬುದರ ಮೇಲೆ ನಿಂತಿದೆ. ಕಂಡೂ ಕಾಣದಂತಿರುವ ದೋಷವನ್ನು ಅರ್ಧ ದಿನ ಕೂತು ಹುಡುಕಿದರೆ ನಷ್ಟ ಅವನಿಗೇ. ಇತ್ತ ಡೀಲರು ವಾರಂಟಿಯಲ್ಲಿ ಭಾಗ ಬದಲಿಸಿದರೆ ಹಳೆಯ ಭಾಗವನ್ನೂ ಕಾರಣವನ್ನೂ ಕಂಪನಿಗೆ ಒಪ್ಪಿಸಿ ಹಣ ಕೇಳಬೇಕು. ಕಂಪನಿ ಒಪ್ಪದಿದ್ದರೆ ಕೈ ಸುಡುವುದು ಡೀಲರಿಗೆ. ಆಯಿಲ್ ಬದಲಿಸಿದರೆ ಹಣ ಅಂದೇ ಬರುತ್ತದೆ. ಆದುದರಿಂದ ಹಣ ಕೊಡುವ ಗಾಡಿ ಮುಂದೆ, ವಾರಂಟಿಯ ಗಾಡಿ ಹಿಂದೆ. ಕಂಪನಿ ತನ್ನ ಹೊರೆಯನ್ನು ಡೀಲರಿಗೆ, ಡೀಲರು ಮೆಕ್ಯಾನಿಕ್‌ಗೆ, ಮೆಕ್ಯಾನಿಕ್ ಗಿರಾಕಿಗೆ ದಾಟಿಸುತ್ತಾರೆ. ಗಿರಾಕಿಗೆ ದಾಟಿಸಲು ಯಾರೂ ಇಲ್ಲ. ಅವನು ತನ್ನ ಕೂಲಿಯಿಂದ ತೆರುತ್ತಾನೆ.

ಹಿಂದೆ ಹೀಗಿರಲಿಲ್ಲವೆ ಎಂದು ಹಿರಿಯರು ಕೇಳಬಹುದು. ಮೈಸೂರಿನ ಜಾವಾ ಕಾರ್ಖಾನೆಯ ಗಾಡಿಗಳನ್ನು ಓಡಿಸಿದವರು ಇನ್ನೂ ನಮ್ಮಲ್ಲಿದ್ದಾರೆ. 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಆ ಕಾರ್ಖಾನೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಆ ಗಾಡಿಗಳೂ ಕೆಡುತ್ತಿದ್ದವು. ಆದರೆ ಪಾಯಿಂಟ್ ಉಜ್ಜಿ, ಪ್ಲಗ್ ತೊಳೆದು, ಕಾರ್ಬುರೇಟರ್ ಊದಿದರೆ ಯಾವ ಊರಿನ ಮೇಸ್ತ್ರಿಯಾದರೂ ಅವನ್ನು ಹೊರಡಿಸುತ್ತಿದ್ದ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬಹುಮಟ್ಟಿಗೆ ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಹೊಗೆ ಕಡಿಮೆಯಾದದ್ದು ಒಳ್ಳೆಯದೇ. ನಮ್ಮ ಮಕ್ಕಳೂ ಅದೇ ಗಾಳಿ ಉಸಿರಾಡಬೇಕು. ಆದರೆ ಗಾಡಿಯ ಕಂಪ್ಯೂಟರು ಹೇಳುವ ದೋಷವನ್ನು ಓದುವ ಸ್ಕ್ಯಾನರು ಡೀಲರಿನ ಬಳಿ ಇದೆ, ಬೀದಿಯ ಮೇಸ್ತ್ರಿಯ ಬಳಿ ಬಹುತೇಕ ಇಲ್ಲ. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆಂಬ ಬೆದರಿಕೆ ಬೇರೆ. ಒಂದೇ ಬಾಗಿಲಿಗೆ ಹೋಗಬೇಕಾದ ಗಿರಾಕಿಗೆ ಆ ಬಾಗಿಲಲ್ಲಿ ಗೌರವ ಸಿಗುವುದು ಕಷ್ಟ.

ಗಿರಾಕಿಗಳ ತಪ್ಪೇ ಇಲ್ಲವೆಂದು ನಾವು ಹೇಳುವುದಿಲ್ಲ. ಮೊದಲ ಸರ್ವೀಸಿನಲ್ಲಿ ಆಯಿಲ್ ಬದಲಿಸುವುದು ಹೊಸ ಇಂಜಿನ್ನಿನಲ್ಲಿ ಸವೆದ ಲೋಹದ ಪುಡಿ ಹೊರಗೆ ಹೋಗಲೆಂದು. ಅದನ್ನು ತಪ್ಪಿಸಿ, ಮೊದಲ ವಾರವೇ ಮೂರು ಜನ ಕೂತು ಹೊಡೆದು, ಆಮೇಲೆ ಕಂಪನಿಯನ್ನು ಬೈದರೆ ನ್ಯಾಯವಲ್ಲ. ಕ್ಲಚ್ ಪ್ಲೇಟು, ಬ್ರೇಕ್ ಷೂ ಸವೆಯುವ ವಸ್ತುಗಳು. ಅವು ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ನಮ್ಮ ಲೆಕ್ಕ ಚೊಕ್ಕವಾಗಿದ್ದರೆ ಮಾತ್ರ ಎದುರಿನವನ ಲೆಕ್ಕ ಕೇಳುವ ಬಾಯಿ ಬರುತ್ತದೆ.

ಇನ್ನು ಕಾನೂನಿನ ಮಾತು. 1986ರ ಗ್ರಾಹಕ ಕಾಯಿದೆಯ ಸ್ಥಾನದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಕಂಪನಿಯ ಕಚೇರಿ ದೂರದ ನಗರದಲ್ಲಿದ್ದರೂ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ವಸ್ತುವಿನ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ಮೊದಲು 1915 ಎಂಬ ಸಂಖ್ಯೆಗೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದರೆ, ಎಷ್ಟೋ ಸಲ ಅಲ್ಲಿಗೇ ಕಂಪನಿಯ ಕಿವಿ ನೆಟ್ಟಗಾಗುತ್ತದೆ. ಮೊಟ್ಟೆ, ಹಾಲು, ಬಟ್ಟೆ ಮಾರಲು ಗಾಡಿ ಇಟ್ಟುಕೊಂಡ ಸಣ್ಣ ವ್ಯಾಪಾರಿಗೆ "ನೀನು ವ್ಯಾಪಾರಕ್ಕೆ ಕೊಂಡವನು, ಗ್ರಾಹಕನಲ್ಲ" ಎಂದು ಹೆದರಿಸುವವರಿದ್ದಾರೆ. ಆ ಮಾತನ್ನು ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವನು ಈ ಕಾಯಿದೆಯ ಕಣ್ಣಲ್ಲಿ ಗ್ರಾಹಕನೇ.

ಆದರೆ ಕಾನೂನು ಕೊಡುವುದೂ ಮಿತಿಯಲ್ಲೇ. ಕೆಟ್ಟ ಕ್ಲಚ್ಚಿನ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ, ವಾರಂಟಿಯ ಷರತ್ತು ಭಾಗವನ್ನು ಬದಲಿಸುವುದಕ್ಕೆ ಇರುವಾಗ ಇಡೀ ವಾಹನವನ್ನೇ ಬದಲಿಸೆನ್ನಲಾಗದು ಎಂಬ ನಿಲುವು ತಳೆಯಿತು. ತಯಾರಿಕೆಯ ದೋಷವೆಂದು ಸಾಧಿಸಬೇಕಾದರೆ ತಜ್ಞರ ವರದಿ ಬೇಕಾಗುತ್ತದೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳಿದರೂ ದೂರುಗಳು ಎಳೆಯುವುದುಂಟು. ಹೀಗಿರುವಾಗ ಒಬ್ಬೊಬ್ಬನೇ ಅಲೆದರೆ ಸೋಲುವುದು ಕಾಲಿನ ಚಪ್ಪಲಿ.

ಇದಕ್ಕೆ ದಾರಿ ಆ ಎಳೆಯ ಮೆಕ್ಯಾನಿಕ್‌ನ ಮಾತಿನಲ್ಲೇ ಇದೆ: ಇನ್ನೂ ಮೂರು ಗಾಡಿ. ಒಂದೇ ಬಗೆಯ ಅನ್ಯಾಯವಾದ ಅನೇಕರು ಆಯೋಗದ ಅನುಮತಿ ಪಡೆದು ಒಟ್ಟಾಗಿ ಒಂದೇ ದೂರು ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಅಷ್ಟೇ ಅಲ್ಲ, ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 110ಎ ಕಲಮು 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸವಾರನಿಗೋ ರಸ್ತೆಯ ಇತರರಿಗೋ ಅಪಾಯ ತರುವ ದೋಷವನ್ನು ನಿಗದಿಯಾದಷ್ಟು ಮಾಲೀಕರು ದೂರಿದರೆ, ಆ ಬಗೆಯ ಗಾಡಿಗಳನ್ನೆಲ್ಲ ಹಿಂದಕ್ಕೆ ಕರೆಸಿ ಸರಿಪಡಿಸುವಂತೆ ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕಿದೆ. ದೂರುಗಳ ಎಣಿಕೆಯೇ ಇಲ್ಲಿ ಬಲ. ಎಣಿಕೆಯಾಗಬೇಕಾದರೆ ಬರವಣಿಗೆಯಲ್ಲಿರಬೇಕು.

ಆ ಮೂವರಲ್ಲಿ ಇಬ್ಬರನ್ನು ನಾವು ಹುಡುಕಿದೆವು. ಒಬ್ಬರು ರಾತ್ರಿ ಪಾಳಿಯ ಕೆಲಸಗಾರರು, ಇನ್ನೊಬ್ಬರು ಸೊಪ್ಪು ಮಾರುವವರು. ಚಹದಂಗಡಿಯ ಮೇಜಿನ ಮೇಲೆ ಒಂದೇ ಕಾಗದ ಬರೆದು ಮೂವರೂ ರುಜು ಹಾಕಿ, ಜಾಬ್ ಕಾರ್ಡಿನ ಪ್ರತಿಯೊಂದಿಗೆ ಡೀಲರಿಗೂ ಕಂಪನಿಗೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು. ಹದಿನೈದು ದಿನದೊಳಗೆ ಮೂರು ಗಾಡಿಗೂ ಹೊಸ ವೈರಿಂಗ್ ಬಂತು, ಒಂದು ಪೈಸೆ ಕೇಳಲಿಲ್ಲ. ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಕೆಂದಿದ್ದ ಸೊಪ್ಪಿನವರನ್ನು ನಾವೇ ತಡೆದೆವು. ಸಾಲ ಕೊಟ್ಟವನ ಲೆಕ್ಕ ಬೇರೆ, ಗಾಡಿ ಮಾರಿದವನ ಲೆಕ್ಕ ಬೇರೆ. ಕಂತು ತಪ್ಪಿದರೆ ಗಾಡಿಯನ್ನೇ ಎಳೆದೊಯ್ಯುತ್ತಾರೆ.

ಹೋದ ದಿನಗಳ ಕೂಲಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಅದನ್ನು ನಾವು ಎತ್ತುತ್ತೇವೆ. ಗಿರಾಕಿ ಹೇಳಿದ ದೋಷವನ್ನು ಅವನ ಮಾತಿನಲ್ಲೇ, ಕನ್ನಡದಲ್ಲಿ, ಜಾಬ್ ಕಾರ್ಡಿನಲ್ಲಿ ಬರೆದು ಪ್ರತಿ ಕೊಡುವುದು ಕಡ್ಡಾಯವಾಗಬೇಕು. ಹೊಸ ಗಾಡಿ ಒಂದೇ ದೋಷಕ್ಕೆ ಎರಡನೆಯ ಸಲ ಷೆಡ್ಡು ಸೇರಿದರೆ, ಅದು ಅಲ್ಲಿ ನಿಂತಷ್ಟು ದಿನ ಬದಲಿ ಗಾಡಿ ಕೊಡಬೇಕು, ಇಲ್ಲವೇ ಆ ದಿನಗಳ ಕೂಲಿ ಕೊಡಬೇಕು. ಕಾರ್ಖಾನೆಯ ತಪ್ಪಿಗೆ ಕಾರ್ಖಾನೆಯೇ ತೆರಲಿ ಎಂಬುದಕ್ಕಿಂತ ಹೆಚ್ಚಿನದೇನನ್ನೂ ನಾವು ಕೇಳುತ್ತಿಲ್ಲ.

ಅಲ್ಲಿಯವರೆಗೆ, ಗೆಳೆಯರೆ, ಷೆಡ್ಡಿನಲ್ಲಿ ಕಾಗದ ಮುಂದಿಟ್ಟು "ಇಲ್ಲೊಂದು ಸೈನ್ ಹಾಕಿ ಸಾರ್" ಎಂದಾಗ ಒಂದು ನಿಮಿಷ ತಡೆಯಿರಿ. ಮೊದಲು ಓದಿರಿ. ನಿಮ್ಮ ಗಾಡಿಯ ರೋಗ ಅದರಲ್ಲಿ ಇಲ್ಲದಿದ್ದರೆ, ಬರೆಯುವವರೆಗೆ ರುಜು ಹಾಕಬೇಡಿ.